ನಾಳೆ ಬೆಳಗ್ಗೆಯೊಳಗೆ ರಕ್ತ ಬೇಕು

ನನ್ನ ಭಾವನ ಅಂಗಡಿಯ ಫೋನ್ ನಂಬರು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ತಾಲ್ಲೂಕಿನ ತೋಟದವರಿಗೆ ಬಾಯಿಪಾಠವಾಗಿತ್ತು. ಅದು ಮೋಟಾರ್ ವೈಂಡಿಂಗ್ ಅಂಗಡಿ. ಬೋರ್‌ವೆಲ್ ಮೋಟಾರು ಸುಟ್ಟುಹೋದರೆ ರೈತರು ಅದನ್ನು ಮೇಲಕ್ಕೆತ್ತಿಸಿ ಟೆಂಪೋದಲ್ಲಿ ಹಾಕಿಕೊಂಡು ಬರುತ್ತಿದ್ದರು. ಭಾವ ಒಳಗಿನ ಕರಕಲು ತಂತಿಯನ್ನೆಲ್ಲ ಕಿತ್ತು, ಹೊಸ ತಾಮ್ರದ ತಂತಿಯನ್ನು ಎಣಿಸಿ ಎಣಿಸಿ ಸುತ್ತಿ, ವಾರ್ನಿಷ್ ಬಳಿದು ಒಣಗಿಸಿ ಕೊಡುತ್ತಿದ್ದರು. ಕೊಡುವ ಮುಂಚೆ, ಮೋಟಾರಿನ ಜೊತೆ ತಂದಿರುತ್ತಿದ್ದ, ಅದನ್ನು ಚಾಲೂ ಮಾಡುವ ಸ್ಟಾರ್ಟರ್ ಡಬ್ಬಿಯ ಮುಚ್ಚಳದ ಮೇಲೆ ಕೆಂಪು ಬಣ್ಣದಲ್ಲಿ ಅಂಗಡಿಯ ನಂಬರು ಬರೆಯುವುದು ಅವರ ಪದ್ಧತಿ. ಹೊನ್ನವಳ್ಳಿ, ನೊಣವಿನಕೆರೆ ಕಡೆ ಯಾವ ತೋಟಕ್ಕೆ ಹೋದರೂ ಪಂಪ್‌ಹೌಸಿನೊಳಗೆ ಆ ಕೆಂಪು ಅಂಕಿಗಳು ಕಾಣುತ್ತಿದ್ದವು. ಬೇಸಿಗೆಯಲ್ಲಿ ಕರೆಂಟು ಏರಿಳಿದು ಮೋಟಾರುಗಳು ಸಾಲಾಗಿ ಸುಡುವಾಗ ಫೋನು ಕೆಳಗಿಟ್ಟ ಕೂಡಲೇ ಮತ್ತೆ ಹೊಡೆದುಕೊಳ್ಳುತ್ತಿತ್ತು.

ಅಂಗಡಿಯ ಹಿಂದೆಯೇ ಮನೆ. ಅಕ್ಕ, ಭಾವ, ಅವರ ಮಗಳು, ಜೊತೆಗೆ ನಾನು. ನಮ್ಮ ತವರು ಚಿಕ್ಕನಾಯಕನಹಳ್ಳಿ. ಡಿಗ್ರಿ ಮುಗಿಸಿ, ಕಂಪ್ಯೂಟರ್ ಕೋರ್ಸೊಂದನ್ನು ಮಾಡಿಕೊಂಡು, ತಿಪಟೂರಿನ ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಹೇಳಿಕೊಡುವ ಕೆಲಸಕ್ಕೆ ಸೇರಿದ್ದೆ. ದಿನಾ ಬಸ್ಸಿನಲ್ಲಿ ಓಡಾಡಿ ಸವೆಯುವುದು ಬೇಡ ಎಂದು ಅಕ್ಕ ತನ್ನ ಮನೆಯಲ್ಲೇ ಇಟ್ಟುಕೊಂಡಿದ್ದಳು.

ಮಗುವಿಗೆ ಆಗ ಮೂರು ವರ್ಷ. ಅವಳ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಒಂದು ಸಲ ಬರೆದದ್ದೇ ಹೆಚ್ಚಾಯಿತು. ಅಂಗಡಿಯ ನೆಲದ ಮೇಲೆ ಬಿದ್ದ ತಾಮ್ರದ ತಂತಿಯ ಚೂರುಗಳನ್ನು ಆರಿಸಿ ಕೈಗೆ ಬಳೆ ಮಾಡಿಕೊಳ್ಳುತ್ತಿದ್ದಳು. ಫೋನು ಬಂದರೆ ಅಪ್ಪನಿಗಿಂತ ಮುಂಚೆ ಓಡಿ ಎತ್ತಿ, "ಅಲೋ, ಮೋಟ್ರು ಅಂಗ್ಡಿ" ಎನ್ನುತ್ತಿದ್ದಳು. ಆ ಕಡೆಯ ರೈತರು ಅವಳ ಜೊತೆ ನಾಲ್ಕು ಮಾತಾಡಿಯೇ ಮೋಟಾರಿನ ವಿಷಯಕ್ಕೆ ಬರುತ್ತಿದ್ದರು. ಊಟ ಆಯ್ತಾ ಎಂದರೆ ಏನು ಪಲ್ಯ ಎಂಬುದನ್ನೂ ಹೇಳುತ್ತಿದ್ದಳು.

ನಮ್ಮ ಸೆಂಟರಿನಲ್ಲಿ ಐದು ಕಂಪ್ಯೂಟರುಗಳಿದ್ದವು. ನೆಟ್ಟು ಇದ್ದದ್ದು ಒಂದಕ್ಕೆ ಮಾತ್ರ. ಟೆಲಿಫೋನ್ ತಂತಿಯಿಂದ ಬರುವ ನೆಟ್ಟು ಅದು. ಸಂಪರ್ಕ ಸಿಗುವಾಗ ತಗಡಿನ ಡಬ್ಬದಲ್ಲಿ ಬೆಕ್ಕನ್ನು ಕೂಡಿಹಾಕಿದಂತೆ ಕಿರುಚುತ್ತಿತ್ತು. ಒಂದು ಪುಟ ತೆರೆಯುವಷ್ಟರಲ್ಲಿ ಕೆಳಗೆ ಹೋಗಿ ಕಾಫಿ ಕುಡಿದು ಬರಬಹುದಿತ್ತು. ಪುಟ ಬರುವುದಕ್ಕಿಂತ ಮೊದಲು ಅದರ ಮೇಲೆ ಜಾಹೀರಾತುಗಳು ಎದ್ದು ಬರುತ್ತಿದ್ದವು. ನೀವು ಹತ್ತು ಲಕ್ಷನೇ ಅತಿಥಿ, ನಿಮಗೆ ಬಹುಮಾನ ಬಂದಿದೆ, ಇಲ್ಲಿ ಒತ್ತಿ. ಒಂದನ್ನು ಮುಚ್ಚಿದರೆ ಎರಡು ಹುಟ್ಟುತ್ತಿದ್ದವು. ವಿದ್ಯಾರ್ಥಿಗಳಿಗೆ ನಾನು ಮೊದಲು ಕಲಿಸುತ್ತಿದ್ದದ್ದು ಅವನ್ನು ಮುಚ್ಚುವುದನ್ನೇ. ಎಷ್ಟು ಹೇಳಿದರೂ ಯಾರಾದರೊಬ್ಬರು ಬಹುಮಾನಕ್ಕೆ ಒತ್ತಿ, ಕಂಪ್ಯೂಟರಿಗೆ ವೈರಸ್ ಹತ್ತಿಸಿ, ಕಳ್ಳನಂತೆ ಎದ್ದು ಹೋಗಿರುತ್ತಿದ್ದರು.

ಇಷ್ಟಾದರೂ ಆಗ ನನಗೆ ನೆಟ್ಟಿನ ಬಗ್ಗೆ ಭಕ್ತಿಯಿತ್ತು. ಇ-ಮೇಲ್ ವಿಳಾಸ ಮಾಡಿಕೊಂಡ ಹುಡುಗಿಯರಿಗೆ ಬರೆಯಲು ಯಾರೂ ಇರುತ್ತಿರಲಿಲ್ಲ. ಪಕ್ಕದ ಕುರ್ಚಿಯವಳಿಗೇ ಬರೆಯುತ್ತಿದ್ದರು, ಇಬ್ಬರೂ ಉತ್ತರಕ್ಕೆ ಕಾಯುತ್ತಿದ್ದರು. ಆಮೇಲೆ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಹಳೆಯ ವಿದ್ಯಾರ್ಥಿಗಳಿಂದ ನನಗೆ ಮೇಲ್‌ಗಳು ಬರತೊಡಗಿದವು. ಬಹುಪಾಲು ಅವರೇ ಬರೆದದ್ದಲ್ಲ. ಯಾರೋ ಬರೆದದ್ದನ್ನು ಯಾರೋ ಕಳಿಸಿ, ಅವರು ನನಗೆ ತಳ್ಳಿದ್ದು. ಹೂವಿನ ಚಿತ್ರ, ದೇವರ ಚಿತ್ರ, ತಾಯಿಯ ಬಗ್ಗೆ ನೀತಿಮಾತು. ಕೊನೆಯಲ್ಲಿ ತಪ್ಪದೆ, ನಿಮಗೆ ಗೊತ್ತಿರುವ ಎಲ್ಲರಿಗೂ ಕಳಿಸಿ ಎಂಬ ಸಾಲು. ನಾನು ಎಲ್ಲವನ್ನೂ ಓದಿ ಎಲ್ಲವನ್ನೂ ಮುಂದಕ್ಕೆ ಕಳಿಸುತ್ತಿದ್ದೆ. ಕಳಿಸದಿದ್ದರೆ ಅವಮರ್ಯಾದೆ ಮಾಡಿದಂತೆ ಅನ್ನಿಸುತ್ತಿತ್ತು.

ಆ ವರ್ಷದ ದೀಪಾವಳಿ ಕಳೆದ ಮೇಲೆ ಮಗುವಿಗೆ ಜ್ವರ ಬರಲು ಶುರುವಾಯಿತು. ಬಿಟ್ಟು ಬಿಟ್ಟು ಬರುತ್ತಿತ್ತು. ತೊಡೆಯ ಮೇಲೆ, ಬೆನ್ನ ಮೇಲೆ ಏಟು ಬಿದ್ದಂಥ ನೀಲಿ ಕಲೆಗಳು ಕಂಡವು. ಅಕ್ಕ ಮೊದಲು ನನ್ನನ್ನೇ ಕೇಳಿದಳು, "ಎಲ್ಲಾರ ಬೀಳಿಸ್ದೇನೇ?" ಎಂದು. ತಿಪಟೂರಿನ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ನೋಡಿ, ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಅಲ್ಲಿ ರಕ್ತದ ಕ್ಯಾನ್ಸರ್ ಎಂದರು. ಅಕ್ಕ, ಭಾವ ಇಬ್ಬರೂ ಅಲ್ಲೇ ಉಳಿದರು. ಅಂಗಡಿಯ ಬೀಗದ ಕೈ ನನ್ನ ಹತ್ತಿರ. ಆಸ್ಪತ್ರೆಯ ಎದುರಿನ ಬೂತಿನಿಂದ ಭಾವ ದಿನಾ ಮಧ್ಯಾಹ್ನ ಒಂದು ಗಂಟೆಗೆ ಅಂಗಡಿಗೆ ಫೋನು ಮಾಡುತ್ತಿದ್ದರು. ನಾನು ಪಾಠ ಮುಗಿಸಿ ಬಂದು, ಬಾಗಿಲು ಅರ್ಧ ತೆರೆದು, ಮೋಟಾರುಗಳ ನಡುವೆ ಕೂತು ಕಾಯುತ್ತಿದ್ದೆ.

ಒಂದು ದಿನ ಅವರ ದನಿ ಗುರುತೇ ಸಿಗಲಿಲ್ಲ.

"ರಕ್ತ ಬೇಕಂತೆ ಕಣಮ್ಮ. ಬಿ ನೆಗೆಟಿವ್ ಅಂತೆ. ನಂದೂ ಆಗಲ್ಲ, ನಿಮ್ಮಕ್ಕಂದೂ ಆಗಲ್ಲ. ಆಸ್ಪತ್ರೇಲಿ ಖಾಲಿಯಂತೆ. ನಾಳೆ ಬೆಳಗ್ಗೆ ಒಳ್ಗೆ ಬೇಕೇ ಬೇಕು ಅಂತಾವ್ರೆ. ನಿನಗೆ ಗೊತ್ತಿರೋರು ಯಾರಾರ ಇದ್ರೆ ಕೇಳು."

"ಎಲ್ರಿಗೂ ಕೇಳ್ತೀನಿ ಭಾವ."

ಓಡುತ್ತಲೇ ಸೆಂಟರಿಗೆ ಹೋದೆ. ನೆಟ್ಟಿನ ಕಂಪ್ಯೂಟರಿನ ಮುಂದೆ ಕೂತಿದ್ದವನನ್ನು ಎಬ್ಬಿಸಿ ಕೂತೆ. ನನಗೆ ಬರುತ್ತಿದ್ದ ಇಂಗ್ಲಿಷಿನಲ್ಲಿ ಬರೆದೆ. ಮೂರು ವರ್ಷದ ಹೆಣ್ಣುಮಗು. ರಕ್ತದ ಕ್ಯಾನ್ಸರ್. ನಾಳೆ ಬೆಳಗ್ಗೆಯೊಳಗೆ ಬಿ ನೆಗೆಟಿವ್ ರಕ್ತ ಬೇಕು. ದಯವಿಟ್ಟು ಸಹಾಯ ಮಾಡಿ. ಮಗುವಿನ ಹೆಸರು, ಆಸ್ಪತ್ರೆಯ ಹೆಸರು, ಭಾವನ ಅಂಗಡಿಯ ನಂಬರು. ಕೊನೆಗೆ, ಕೈ ತಾನಾಗಿ ಆ ಸಾಲನ್ನು ಬರೆಯಿತು: ನಿಮಗೆ ಗೊತ್ತಿರುವ ಎಲ್ಲರಿಗೂ ಕಳಿಸಿ.

ವಿಳಾಸ ಗೊತ್ತಿದ್ದ ಹಳೆಯ ವಿದ್ಯಾರ್ಥಿಗಳಿಗೆಲ್ಲ ಕಳಿಸಿದೆ. ತಾರೀಖು ಬರೆಯಲಿಲ್ಲ. ಕಳಿಸಿದ ದಿನ ಮೇಲ್‌ನ ತಲೆಯಲ್ಲಿ ತಾನೇ ಬರುತ್ತದೆ, ಬೇರೆ ಯಾಕೆ ಅಂದುಕೊಂಡೆನೋ, ಅಷ್ಟೂ ಯೋಚಿಸಲಿಲ್ಲವೋ, ಈಗ ನೆನಪಿಲ್ಲ. ಮುಂದಕ್ಕೆ ಕಳಿಸುವವರು ಆ ತಲೆಯನ್ನು ಕತ್ತರಿಸಿ ಹಾಕಿ ಒಡಲನ್ನು ಮಾತ್ರ ಕಳಿಸುತ್ತಾರೆ ಎಂಬುದು ನನಗೆ ಗೊತ್ತಿತ್ತು. ನಾನೂ ಹಾಗೇ ಮಾಡುತ್ತಿದ್ದೆ.

ಒಂದು ಮಾತು ಹೇಳಲೇಬೇಕು. ಅವತ್ತು ಆ ಮೇಲ್ ಕೆಲಸ ಮಾಡಿತು. ನಾನು ಅಂಗಡಿಗೆ ವಾಪಸ್ಸು ಬರುವಷ್ಟರಲ್ಲಿ ಫೋನು ಹೊಡೆದುಕೊಳ್ಳುತ್ತಿತ್ತು. ಸಂಜೆಯವರೆಗೆ ಒಂದೇ ಸಮನೆ ಬಂತು. ಗುರುತು ಪರಿಚಯವಿಲ್ಲದವರು ವಾರ್ಡು ಎಲ್ಲಿ, ಯಾವ ಮಹಡಿ ಎಂದು ಕೇಳಿ ಬರೆದುಕೊಂಡರು. ಮಾರನೆಯ ಬೆಳಗ್ಗೆ ಮೂವರು ಆಸ್ಪತ್ರೆಗೆ ಹೋಗಿ ರಕ್ತ ಕೊಟ್ಟಿದ್ದರು. ಅವರಲ್ಲಿ ಒಬ್ಬ ಹೆಂಗಸು ಎರಡು ಬಸ್ಸು ಬದಲಿಸಿ ಬಂದಿದ್ದರಂತೆ. ಅಕ್ಕ ಅವರ ಕಾಲು ಮುಟ್ಟಲು ಹೋದಾಗ ಆಕೆ ಹೌಹಾರಿ ಹಿಂದೆ ಸರಿದರಂತೆ. ಭಾವ ಫೋನಿನಲ್ಲಿ, "ನಿನ್ನ ಕಂಪ್ಯೂಟ್ರು ಮಗೂನ ಉಳಿಸ್ತು ಕಣಮ್ಮ" ಎಂದು ಅತ್ತರು. ನಾನೂ ಅತ್ತೆ. ನನ್ನ ಇಡೀ ಬದುಕಿನಲ್ಲಿ ಅಷ್ಟು ಹೆಮ್ಮೆಪಟ್ಟ ದಿನ ಇನ್ನೊಂದಿಲ್ಲ.

ಮಗು ಆಮೇಲೆ ಇಪ್ಪತ್ತೆರಡು ದಿನ ಇದ್ದಳು.

ಮಣ್ಣು ಮಾಡಿ, ಕಾರ್ಯಗಳನ್ನೆಲ್ಲ ಮುಗಿಸಿ, ಭಾವ ಅಂಗಡಿಯ ಬಾಗಿಲು ತೆಗೆದ ಮೊದಲ ದಿನ ನಾನು ಅಲ್ಲೇ ಇದ್ದೆ. ಕಾದು ಕಾದು ಸಾಕಾಗಿದ್ದ ರೈತರ ಮೋಟಾರುಗಳು ಸಾಲಾಗಿ ಬಿದ್ದಿದ್ದವು. ಫೋನು ಬಂತು. ಭಾವ ಎತ್ತಿದರು. ಆ ಕಡೆಯವನ ದನಿ ಜೋರಾಗಿತ್ತು, ನನಗೂ ಕೇಳುತ್ತಿತ್ತು.

"ಸಾರ್, ಮೇಲ್ ನೋಡ್ದೆ. ನಂದು ಬಿ ನೆಗೆಟಿವ್. ಎಲ್ಲಿಗೆ ಬರ್ಬೇಕು ಹೇಳಿ, ಈಗ್ಲೇ ಹೊರಡ್ತೀನಿ."

ಭಾವ, "ಬೇಡ ಸಾರ್. ಮಗು ಹೋಯ್ತು" ಎಂದರು.

ಆ ಕಡೆಯವನು ಅಳತೊಡಗಿದ. ಇನ್ನೂ ಒಂದು ದಿನ ಮುಂಚೆ ಮೇಲ್ ನೋಡಿದ್ದರೆ ಎಂದು ತನ್ನನ್ನೇ ಬೈದುಕೊಂಡ. ಭಾವ ಅವನಿಗೆ ಸಮಾಧಾನ ಹೇಳಿದರು. "ನೀವೇನ್ ಮಾಡೀರಿ ಸಾರ್, ಅದರ ಋಣ ಅಷ್ಟೇ ಇತ್ತು. ಬೇಜಾರು ಮಾಡ್ಕೋಬೇಡಿ" ಎಂದು ಮಗಳನ್ನು ಕಳೆದುಕೊಂಡವರು ಇನ್ಯಾರಿಗೋ ಹೇಳುವುದನ್ನು ನಾನು ನಿಂತು ಕೇಳಿದೆ.

ಅವತ್ತು ಅಂಥವು ನಾಲ್ಕು ಬಂದವು. ಮರುದಿನ ಆರು. ಸತ್ತಳು ಎಂದು ಹೇಳಿದರೆ ಪ್ರತಿಯೊಬ್ಬರೂ ಬಿಕ್ಕುತ್ತಿದ್ದರು, ಯಾವಾಗ, ಹೇಗೆ ಎಂದು ಕೇಳುತ್ತಿದ್ದರು. ಭಾವ ಪ್ರತಿಯೊಬ್ಬರಿಗೂ ಯಾವಾಗ, ಹೇಗೆ ಎಂದು ಹೇಳಬೇಕಾಗುತ್ತಿತ್ತು.

ನಾನು ಸೆಂಟರಿಗೆ ಹೋಗಿ ಇನ್ನೊಂದು ಮೇಲ್ ಬರೆದೆ. ಮಗು ತೀರಿಕೊಂಡಿದೆ, ಸಹಾಯ ಮಾಡಿದವರಿಗೆಲ್ಲ ಕೃತಜ್ಞತೆ, ದಯವಿಟ್ಟು ಆ ಹಳೆಯ ಮೇಲನ್ನು ಇನ್ನು ಕಳಿಸಬೇಡಿ, ಈ ವಿಷಯವನ್ನು ಎಲ್ಲರಿಗೂ ತಿಳಿಸಿ. ಮೊದಲ ಮೇಲ್ ಕಳಿಸಿದ್ದವರಿಗೇ ಕಳಿಸಿದೆ. ಇಬ್ಬರು ಸಂತಾಪ ಬರೆದರು. ಯಾರೂ ಮುಂದಕ್ಕೆ ಕಳಿಸಿದಂತೆ ಕಾಣಲಿಲ್ಲ. ಬದುಕಬಹುದಾದ ಮಗುವಿನ ಸುದ್ದಿಯನ್ನು ನಾಲ್ಕು ಜನರಿಗೆ ತಲುಪಿಸುವ ಉತ್ಸಾಹ ಸತ್ತ ಮಗುವಿನ ವಿಷಯದಲ್ಲಿ ಇರುವುದಿಲ್ಲ. ಅದು ಯಾರ ತಪ್ಪೂ ಅಲ್ಲ. ನನಗೇ ಅಂಥ ಮೇಲ್ ಬಂದಿದ್ದರೆ ನಾನೂ ಓದಿ, ಅಯ್ಯೋ ಎಂದು, ಅಲ್ಲಿಗೇ ಬಿಡುತ್ತಿದ್ದೆ.

ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮೂರಿಗೆ ಒಂಥರದ ಕಾರ್ಡು ಬರುತ್ತಿತ್ತು. ದೇವರ ಮಹಿಮೆ ಬರೆದು, ಇದನ್ನು ಇಪ್ಪತ್ತೊಂದು ಜನಕ್ಕೆ ಬರೆದು ಕಳಿಸಿದವರಿಗೆ ಒಳ್ಳೆಯದಾಗುತ್ತದೆ, ಹರಿದು ಹಾಕಿದವನು ರಕ್ತ ಕಾರಿದ ಎಂದು ಹೆದರಿಸುವ ಕಾರ್ಡು. ಅವ್ವ ಹೆದರಿ ನನ್ನನ್ನು ಕೂರಿಸಿ ಬರೆಸುತ್ತಿದ್ದಳು. ಎಂಟು ಹತ್ತು ಕಾರ್ಡಿಗೆ ನನ್ನ ಕೈ ಸೋತು, ಉಳಿದದ್ದು ನಾಳೆ ಎಂದು ಎದ್ದುಬಿಡುತ್ತಿದ್ದೆ. ಆ ನಾಳೆ ಬರುತ್ತಿರಲಿಲ್ಲ. ಕಾರ್ಡಿನ ಕಾಟ ಅಲ್ಲಿಗೆ ಸಾಯುತ್ತಿತ್ತು, ಕೈ ನೋಯುತ್ತಿದ್ದದ್ದರಿಂದ. ಕಂಪ್ಯೂಟರಿನಲ್ಲಿ ಯಾರ ಕೈಯೂ ನೋಯುವುದಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಭಾವ ಮಾತು ಬದಲಿಸಿದ್ದರು. ನನಗೆ ಗೊತ್ತಿರಲಿಲ್ಲ, ಅಕ್ಕನಿಗೂ ಗೊತ್ತಿರಲಿಲ್ಲ. ಒಂದು ಮಧ್ಯಾಹ್ನ ಅಕ್ಕ ಊಟದ ಡಬ್ಬಿ ಹಿಡಿದು ಹಿಂದಿನ ಬಾಗಿಲಿನಿಂದ ಅಂಗಡಿಗೆ ಬಂದಳು. ನೀರಿನ ಚೊಂಬು ಹಿಡಿದು ನಾನು ಹಿಂದೆ ಇದ್ದೆ. ಭಾವ ನಮಗೆ ಬೆನ್ನು ಮಾಡಿ ಫೋನಿನಲ್ಲಿ ಮಾತಾಡುತ್ತಿದ್ದರು.

"ಸಿಕ್ತು ಸಾರ್, ರಕ್ತ ಸಿಕ್ತು. ಚೆನ್ನಾಗವ್ಳೆ. ಹೂಂ ಸಾರ್, ಸ್ಕೂಲಿಗೆ ಹೋಯ್ತಾವ್ಳೆ. ನಿಮ್ಮಂಥೋರ ಆಶೀರ್ವಾದ."

ಫೋನು ಇಟ್ಟು ತಿರುಗಿದರು. ಅಕ್ಕ ಡಬ್ಬಿಯನ್ನು ಮೋಟಾರೊಂದರ ಮೇಲೆ ಇಟ್ಟಳು.

"ಯಾವ ಕ್ಲಾಸಂತೆ?" ಎಂದಳು.

"ಲೇ, ಅಂಗಲ್ಲ ಕಣೇ..."

"ಯಾವ ಕ್ಲಾಸಿಗೆ ಹೋಯ್ತಾವ್ಳೆ ಅಂತ ಕೇಳ್ದೆ. ಯೂನಿಫಾರಮ್ಮು ಯಾವ ಬಣ್ಣ? ಜಡೆ ಯಾರು ಆಕ್ತಾರೆ?"

"ದಿನಾ ಐದಾರು ಸಲ ಸತ್ತೋಯ್ತು ಸತ್ತೋಯ್ತು ಅಂತ ಏಳಕ್ಕೆ ನನ್ ಕೈಲಿ ಆಗಲ್ಲ ಕಣೇ" ಎಂದರು ಭಾವ. "ಚೆನ್ನಾಗವ್ಳೆ ಅಂದ್ರೆ ಅವ್ರೂ ಖುಷಿಯಾಗಿ ಇಟ್ಬುಡ್ತಾರೆ. ಬೇಗ ಮುಗೀತದೆ."

ಅಕ್ಕ ನನ್ನ ಕಡೆ ತಿರುಗಿದಳು. "ನೀನು ಬರೀದೇ ಇದ್ದಿದ್ರೆ ನನ್ ಮಗು ಒಂದೇ ಸಲ ಸಾಯ್ತಿತ್ತು" ಎಂದು ಮನೆಯೊಳಕ್ಕೆ ಹೋದಳು.

ಮೂವರು ಬಂದು ರಕ್ತ ಕೊಟ್ಟದ್ದನ್ನು, ಇಪ್ಪತ್ತೆರಡು ದಿನ ಹೆಚ್ಚಿಗೆ ಸಿಕ್ಕಿದ್ದನ್ನು ನಾನು ನೆನಪಿಸಬಹುದಿತ್ತು. ನೆನಪಿಸಲಿಲ್ಲ. ಆ ಇಪ್ಪತ್ತೆರಡು ದಿನವೂ ಮಗುವಿನ ಕೈಯಲ್ಲಿ ಸೂಜಿ ಇತ್ತು. ಪಕ್ಕದಲ್ಲಿ ಕೂತಿದ್ದವಳು ಅಕ್ಕ, ನಾನಲ್ಲ.

ಅಕ್ಕ ಆ ವಾರವೇ ಚಿಕ್ಕನಾಯಕನಹಳ್ಳಿಗೆ ಅವ್ವನ ಹತ್ತಿರ ಹೋದಳು. ನಾಲ್ಕು ತಿಂಗಳು ಬರಲಿಲ್ಲ. ಬಂದ ಮೇಲೂ ಅಂಗಡಿಗೆ ಕಾಲಿಡಲಿಲ್ಲ. ಭಾವ ಮನೆಗೇ ಬಂದು ಉಂಡು ಹೋಗುತ್ತಿದ್ದರು. ನನ್ನ ಜೊತೆ ಅಕ್ಕ ಅಗತ್ಯವಿದ್ದಷ್ಟು ಮಾತ್ರ ಮಾತಾಡುತ್ತಿದ್ದಳು.

ಇಷ್ಟರಲ್ಲಿ ಆ ಮೇಲ್ ನನಗೇ ವಾಪಸ್ಸು ಬಂತು. ಹೊಸದಾಗಿ ಸೇರಿದ್ದ ಒಬ್ಬ ವಿದ್ಯಾರ್ಥಿನಿ, ಮೇಡಂಗೂ ಕಳಿಸೋಣ ಎಂದು ಕಳಿಸಿದ್ದಳು. ನನ್ನ ವಾಕ್ಯಗಳಲ್ಲಿ ನಾಲ್ಕೋ ಐದೋ ಉಳಿದಿದ್ದವು. ಆಸ್ಪತ್ರೆ ಬೇರೆ ಆಗಿತ್ತು. ಕಾಯಿಲೆ ಹೃದಯದ್ದಾಗಿತ್ತು. ಈ ಮೇಲನ್ನು ಕಳಿಸಿದಷ್ಟೂ ಸಲ ಒಂದು ದೊಡ್ಡ ಕಂಪನಿ ಮಗುವಿನ ಚಿಕಿತ್ಸೆಗೆ ಹಣ ಕೊಡುತ್ತದೆ ಎಂದು ಯಾರೋ ಸೇರಿಸಿದ್ದರು. ಕೆಳಗೆ ಒಂದು ಫೋಟೋ. ಮೂಗಿಗೆ ಕೊಳವೆ ಹಾಕಿದ, ಬಿಳಿ ಚರ್ಮದ, ಯಾವ ದೇಶದ್ದೋ ಒಂದು ಮಗು. ಹೆಸರು ಮಾತ್ರ ನಮ್ಮ ಮಗುವಿನದು. ವಯಸ್ಸು ಮೂರು. ಫೋನ್ ನಂಬರು ನಮ್ಮದು. ನಾಳೆ ಬೆಳಗ್ಗೆಯೊಳಗೆ ಎಂಬ ಸಾಲು ಒಂದಕ್ಷರವೂ ಕೆಡದೆ ಹಾಗೇ ಇತ್ತು. ಆ ಹೊತ್ತಿಗೆ ಮಗು ಹೋಗಿ ಒಂದೂವರೆ ವರ್ಷವಾಗಿತ್ತು.

ಆ ವಿದ್ಯಾರ್ಥಿನಿಯನ್ನು ಕರೆದು ಕೇಳಿದೆ, "ಇದು ನಿಜವೇ ಅಂತ ನೋಡ್ದೇನಮ್ಮ?"

"ಗೊತ್ತಿಲ್ಲ ಮೇಡಂ. ಕಳ್ಸಿದ್ರೆ ಏನು ಹೋಯ್ತದೆ? ನಿಜ ಆಗಿದ್ರೆ ಪುಣ್ಯ ಬರ್ತದೆ" ಎಂದಳು.

ನಾನು ಬೈಯಲಿಲ್ಲ. ಬೈಯಲು ಮುಖ ಇರಲಿಲ್ಲ.

ಆಮೇಲೆ ಇನ್ನೊಂದು ಬಂತು. ನೆಟ್ಟಿನಲ್ಲಿ ಓಡಾಡುವ ಸುಳ್ಳು ಮೇಲ್‌ಗಳ ಪಟ್ಟಿ ಮಾಡುವವರು ಇದ್ದರು. ಒಳ್ಳೆಯ ಕೆಲಸವೇ. ಅಂಥ ಒಂದು ಪಟ್ಟಿಯಲ್ಲಿ ನಮ್ಮ ಮಗುವಿನ ಹೆಸರಿರುವ ಮೇಲ್ ಕೂಡ ಸೇರಿತು. ಇದು ಸುಳ್ಳು, ಇಂಥ ಮಗು ಇಲ್ಲ, ಫೋಟೋ ಬೇರೆ ದೇಶದ್ದು, ನಂಬಬೇಡಿ ಎಂದು ಬರೆದಿದ್ದರು. ಬರೆದದ್ದರಲ್ಲಿ ಅರ್ಧ ಸರಿಯೇ. ನಾನು ಅವರಿಗೆ ಉದ್ದದ ಪತ್ರ ಬರೆದೆ. ಮಗು ಇದ್ದಳು, ಇಂಥ ದಿನ ಹೋದಳು, ದಯವಿಟ್ಟು ಇಂಥ ಮಗು ಇಲ್ಲ ಎಂಬ ಮಾತನ್ನು ತೆಗೆಯಿರಿ ಎಂದು. ನಿಮ್ಮ ಪತ್ರ ತಲುಪಿದೆ, ಧನ್ಯವಾದ ಎಂಬ ಯಂತ್ರದ ಉತ್ತರ ಕ್ಷಣದಲ್ಲೇ ಬಂತು. ಬೇರೆ ಉತ್ತರ ಬರಲಿಲ್ಲ. ಮೂರು ಸಲ ಬರೆದೆ. ಮೂರು ಸಲವೂ ಅದೇ ಧನ್ಯವಾದ.

ಅದರ ಫಲ ಭಾವನ ಮೇಲೆ ಬಿತ್ತು. ಈಗ ಎರಡು ಥರದ ಫೋನುಗಳು. ಒಬ್ಬರು ರಕ್ತ ಕೊಡುತ್ತೇವೆ ಎನ್ನುವವರು, ಇನ್ನೊಬ್ಬರು ಬೈಯುವವರು. "ಮಗು ಹೆಸ್ರು ಹೇಳ್ಕೊಂಡು ಎಷ್ಟು ದಿನ ಮೋಸ ಮಾಡ್ತೀಯೋ, ನಾಚ್ಕೆ ಆಗಲ್ವಾ" ಎಂದು ಏಕವಚನದಲ್ಲಿ ಶುರುಮಾಡಿ ಅಮ್ಮ ಅಕ್ಕಂದಿರವರೆಗೆ ಹೋಗುತ್ತಿದ್ದರು. ಭಾವ ಮೊದಮೊದಲು ವಿವರಿಸಲು ನೋಡಿದರು. ಒಬ್ಬನಿಗಂತೂ, "ಸಾವಿನ ಸರ್ಟಿಫಿಕೇಟು ಐತೆ ಸಾರ್, ಬನ್ನಿ ತೋರುಸ್ತೀನಿ" ಎಂದರು. ಆ ಮಾತಿಗೆ ಆ ಕಡೆಯವನು ನಕ್ಕ. ಅವತ್ತು ಭಾವ ಫೋನಿಟ್ಟು, ಸುತ್ತುತ್ತಿದ್ದ ತಂತಿಯ ಉರುಳೆಯನ್ನು ಹಾಗೇ ಬಿಟ್ಟು, ಎದ್ದು ಹೋಗಿ ಕೆರೆಯ ಏರಿಯ ಮೇಲೆ ಕೂತುಬಿಟ್ಟರಂತೆ. ಮೋಟಾರು ಒಯ್ಯಲು ಬಂದಿದ್ದ ರೈತರೊಬ್ಬರು ಹುಡುಕಿ ಕರೆತಂದರು.

ನಂಬರು ಬದಲಿಸಿ ಎಂದು ನಾನು ಎಷ್ಟೋ ಸಲ ಹೇಳಿದ್ದೆ. ಭಾವ ಒಪ್ಪಿರಲಿಲ್ಲ. "ಸಾವ್ರಾರು ಸ್ಟಾರ್ಟ್ರು ಮ್ಯಾಲೆ ಬರ್ದಿವ್ನಿ. ಮೋಟ್ರು ಸುಟ್ರೆ ಜನ ಎಲ್ಲಿಗೆ ಫೋನ್ ಮಾಡ್ತಾರೆ?" ಎನ್ನುತ್ತಿದ್ದರು. ಬೈಗುಳ ಶುರುವಾದ ಮೇಲೆ ಅವರೇ ನನ್ನನ್ನು ಕರೆದುಕೊಂಡು ಟೆಲಿಫೋನ್ ಕಚೇರಿಗೆ ಹೋದರು. ಅರ್ಜಿ ಬರೆದುಕೊಟ್ಟವಳು ನಾನು. ಅಲ್ಲಿದ್ದವರು ಒಳ್ಳೆಯವರು, ಕೂರಿಸಿ ಮಾತಾಡಿಸಿದರು. ಗಿರಾಕಿಗಳಿಗೆ ತೊಂದರೆಯಾಗದಂತೆ, ಹಳೆಯ ನಂಬರಿಗೆ ಮಾಡಿದವರಿಗೆ ಹೊಸ ನಂಬರನ್ನು ಹೇಳುವ ಧ್ವನಿ ಹಾಕಿಸಬಹುದು ಎಂದರು. ಭಾವನ ಮುಖ ಅರಳಿತು. ಹಾಕಿಸಿ ಎಂದರು. ಪಕ್ಕದಲ್ಲಿ ಕೂತಿದ್ದ ನನಗೂ ಅದು ಒಳ್ಳೆಯದೆಂದೇ ಅನ್ನಿಸಿತು. ಸಿಟ್ಟಿನಲ್ಲೋ ಕರುಣೆಯಲ್ಲೋ ಫೋನು ಮಾಡುವವರು ಅಷ್ಟು ಕಷ್ಟಪಡುವುದಿಲ್ಲ, ರೈತರು ಪಡುತ್ತಾರೆ ಎಂಬುದು ನಮ್ಮ ಲೆಕ್ಕ.

ಎರಡು ತಿಂಗಳು ಅಂಗಡಿಯಲ್ಲಿ ಬರೀ ಮೋಟಾರಿನ ಮಾತು ಕೇಳಿಸಿತು. ಭಾವ ಹೊಸ ನಂಬರನ್ನು ಬೋರ್ಡಿಗೆ ಬರೆಸಿದರು. ಅಕ್ಕ ಒಂದು ದಿನ ಅಂಗಡಿಯ ಬಾಗಿಲವರೆಗೆ ಬಂದು ನಿಂತು ಹೋದಳು. ಅಷ್ಟಕ್ಕೇ ನಾನು ಎಷ್ಟು ಆಸೆಪಟ್ಟೆ ಎಂದರೆ, ಅವತ್ತು ಸಂಜೆ ಹೂವು ತಂದು ಅವಳ ಮುಂದಿಟ್ಟೆ. ಮುಡಿದುಕೊಂಡಳು.

ಆಮೇಲೆ ಹೊಸ ನಂಬರಿಗೆ ಒಂದು ಫೋನು ಬಂತು. ಮಂಗಳೂರಿನ ಕಡೆಯ ದನಿ. ಬಿ ನೆಗೆಟಿವ್ ಎಂದಿತು.

ಯಾರೋ ಪುಣ್ಯಾತ್ಮರು ಹಳೆಯ ನಂಬರಿಗೆ ಮಾಡಿ, ಆ ಧ್ವನಿ ಹೇಳಿದ ಹೊಸ ನಂಬರನ್ನು ಬರೆದುಕೊಂಡು, ಮೇಲ್‌ನಲ್ಲಿ ತಿದ್ದಿ ಕಳಿಸಿದ್ದರು. ಆ ಮೇಲ್ ಕೂಡ ನನಗೆ ಸಿಕ್ಕಿತು. ಮೇಲುಗಡೆ ದಪ್ಪಕ್ಷರದಲ್ಲಿ, ನಂಬರು ಬದಲಾಗಿದೆ, ನಾನೇ ಪರೀಕ್ಷಿಸಿ ನೋಡಿದ್ದೇನೆ, ದಯವಿಟ್ಟು ಇದನ್ನೇ ಬಳಸಿ ಎಂದಿತ್ತು. ಇಡೀ ಪಯಣದಲ್ಲಿ ಒಬ್ಬರಾದರೂ ಪರೀಕ್ಷಿಸಿ ನೋಡಿದ್ದರಲ್ಲ ಎಂದುಕೊಂಡೆ.

ಭಾವ ಆಮೇಲೆ ಫೋನಿನ ರಿಸೀವರನ್ನು ಪಕ್ಕಕ್ಕೆ ಎತ್ತಿಡತೊಡಗಿದರು. ರೈತರು ಮಾಡಿ ಮಾಡಿ, ಯಾವಾಗಲೂ ಎಂಗೇಜು ಎಂದು ಬೇಸತ್ತು, ಬೇರೆ ಅಂಗಡಿ ಹಿಡಿದರು. ಅಷ್ಟರಲ್ಲಿ ಎಲ್ಲರ ಜೇಬಿಗೂ ಮೊಬೈಲು ಬರುತ್ತಿತ್ತು. ಒಂದು ತಗೊಳ್ಳಿ ಎಂದರೆ ಭಾವ ಬೇಡವೆಂದರು. ಜೇಬಿನೊಳಗೇ ಬಂದು ಕೂತರೆ ಎಲ್ಲಿಗೆ ಹೋಗಲಿ ಎಂದರು. ಎರಡು ವರ್ಷ ಎಳೆದಾಡಿ ಅಂಗಡಿ ಮುಚ್ಚಿದರು. ಫೋನನ್ನು ಕಚೇರಿಗೆ ವಾಪಸ್ಸು ಕೊಟ್ಟರು. ತುರುವೇಕೆರೆಯ ಇನ್ನೊಬ್ಬರ ವೈಂಡಿಂಗ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿ, ದಿನಾ ಬೆಳಗ್ಗೆ ಬಸ್ಸಿನಲ್ಲಿ ಹೋಗಿ ಸಂಜೆ ಬರತೊಡಗಿದರು. ನಾನು ಸೆಂಟರು ಬಿಟ್ಟು ಚಿಕ್ಕನಾಯಕನಹಳ್ಳಿಗೆ ಮರಳಿದೆ. ಅಕ್ಕ ಬೇಡ ಅನ್ನಲಿಲ್ಲ, ಇರು ಅಂತಲೂ ಅನ್ನಲಿಲ್ಲ.

ಒಂದು ಸಲ ಏನೋ ಕೆಲಸಕ್ಕೆ ತುರುವೇಕೆರೆಗೆ ಹೋದವಳು ಭಾವನನ್ನು ನೋಡಲು ಹೋದೆ. ಅಂಗಡಿಯ ಹಿಂಭಾಗದಲ್ಲಿ, ಫೋನಿನಿಂದ ದೂರ, ಗೋಡೆಯ ಕಡೆ ಮುಖಮಾಡಿ ಕೂತು ತಂತಿ ಸುತ್ತುತ್ತಿದ್ದರು. ತಲೆ ಪೂರ್ತಿ ನೆರೆತಿತ್ತು. ಮಾತಿನ ನಡುವೆ, "ಇನ್ನೂ ಬತ್ತೈತಾ?" ಎಂದು ಕೇಳಿದರು. ಯಾವುದು ಎಂದು ನಾನು ಕೇಳುವ ಅಗತ್ಯವಿರಲಿಲ್ಲ.

"ಬರ್ತೈತೆ ಭಾವ. ಈಗ ಮೊಬೈಲ್ ಮೆಸೇಜಲ್ಲೂ ಬರ್ತೈತೆ."

"ಎಷ್ಟು ವರ್ಸ ಅಂತ ಐತೆ?"

"ಮೂರು."

ಅವರು ತಲೆಯಾಡಿಸಿದರು. "ಇದ್ದಿದ್ರೆ ಈ ಸಲ ಐದನೇ ಕ್ಲಾಸು" ಎಂದರು. ಆಮೇಲೆ ಸುತ್ತಿನ ಎಣಿಕೆ ತಪ್ಪಿಹೋಯಿತೆಂದು ತಂತಿಯನ್ನು ಬಿಚ್ಚಲು ಶುರುಮಾಡಿದರು. ನಾನು ಎದ್ದು ಬಂದೆ.

ನಾವು ವಾಪಸ್ಸು ಕೊಟ್ಟ ನಂಬರು ಏನಾಗಿರಬಹುದು ಎಂಬ ಯೋಚನೆ ಅವತ್ತು ಬಸ್ಸಿನಲ್ಲಿ ಬಂತು. ಕೆಲವು ದಿನ ತಡೆದುಕೊಂಡೆ. ಆಮೇಲೆ ಒಂದು ಬೆಳಗ್ಗೆ, ಅವ್ವ ತೋಟಕ್ಕೆ ಹೋಗಿದ್ದಾಗ, ನನ್ನ ಮೊಬೈಲಿನಿಂದ ಆ ನಂಬರನ್ನು ಒತ್ತಿದೆ. ಸತ್ತ ನಂಬರಿರುತ್ತದೆ, ಯಾವ ಸದ್ದೂ ಬರುವುದಿಲ್ಲ, ಅದನ್ನು ಕೇಳಿ ಇಟ್ಟುಬಿಡೋಣ ಎಂದುಕೊಂಡಿದ್ದೆ. ರಿಂಗಾಯಿತು. ವಯಸ್ಸಾದ ಹೆಂಗಸೊಬ್ಬರು ಎತ್ತಿದರು. ಹಿಂದೆ ಕುಕ್ಕರಿನ ಸೀಟಿ ಕೇಳಿಸಿತು. ಯಾರದೋ ಮನೆ.

"ಹಲೋ" ಎಂದೆ.

ಆಕೆ ದಣಿದ ದನಿಯಲ್ಲಿ, ಬಾಯಿಪಾಠ ಒಪ್ಪಿಸುವಂತೆ, "ರಕ್ತ ಬೇಡ ಕಣ್ರೀ. ಇಲ್ಲಿ ಅಂಥ ಮಗು ಯಾವ್ದೂ ಇಲ್ಲ. ನಮಗೆ ಹೊಸ್ದಾಗಿ ಕೊಟ್ಟಿರೋ ನಂಬ್ರು ಇದು" ಎಂದರು.

"ಯಾರ್ರೀ ಮಾತಾಡೋದು?" ಎಂದು ಆಕೆ ಕೇಳಿದರು. ಸ್ವಲ್ಪ ಬಿಟ್ಟು ಮತ್ತೆ ಕೇಳಿದರು. ಆಮೇಲೆ, "ಪಾಪ, ಬೇಜಾರು ಮಾಡ್ಕೋಬೇಡಿ, ಎಲ್ಲೋ ಚೆನ್ನಾಗಿರ್ತದೆ ಬುಡಿ" ಎಂದು ಅವರೇ ನನಗೆ ಸಮಾಧಾನ ಹೇಳಿ ಫೋನಿಟ್ಟರು.